ಅಮೆರಿಕದಲ್ಲಿ ಕ್ಲಿನಿಕಲ್ ಸೈಕಾಲಜಿ ಡಾಕ್ಟರೇಟ್: ಸ್ಕಾಲರ್‌ಶಿಪ್ ಅಂದ ಕೂಡಲೇ ಹೂಂ ಅನ್ನಬಹುದಾ?

ಪ್ರಶ್ನೆ: ಎಂ.ಎಸ್ಸಿ. ಸೈಕಾಲಜಿ ಮುಗಿಸಿದ ಮಗಳಿಗೆ ಅಮೆರಿಕದಲ್ಲಿ ಎರಡು ಕಡೆ ಸೀಟು ಸಿಕ್ಕಿದೆ. ಒಂದು ಪಿಎಚ್‌.ಡಿ., ಅಲ್ಲಿ ಸ್ಟೈಪೆಂಡ್ ಕೊಡುತ್ತಾರಂತೆ, ಆದರೆ ಸಣ್ಣ ಊರು. ಇನ್ನೊಂದು ದೊಡ್ಡ ನಗರದಲ್ಲಿ ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ), 10 ಸಾವಿರ ಡಾಲರ್ ಸ್ಕಾಲರ್‌ಶಿಪ್. ನೆಂಟರೆಲ್ಲ ದೊಡ್ಡ ಊರೇ ವಾಸಿ ಅನ್ನುತ್ತಿದ್ದಾರೆ. ಯಾವುದು ಒಳ್ಳೆಯದು?

ಉತ್ತರ: ಆ ಸ್ಕಾಲರ್‌ಶಿಪ್ ಪತ್ರವನ್ನು ಇನ್ನೊಮ್ಮೆ ತೆಗೆದು ಓದಿ. 10 ಸಾವಿರ ಅಂದರೆ ವರ್ಷಕ್ಕಾ, ಒಟ್ಟಿಗಾ?

ಹೋದ ವರ್ಷ ಅಕ್ಕನ ಮಗಳ ಜೊತೆ ಕೂತು ಇಂಥದ್ದೇ ಒಂದು ಪತ್ರ ಓದಿದ್ದೆ. ಮೇಲೆ ಅಭಿನಂದನೆ, ಕೆಳಗೆ ದಪ್ಪಕ್ಷರದಲ್ಲಿ ಸ್ಕಾಲರ್‌ಶಿಪ್ ಮೊತ್ತ. ಟ್ಯೂಷನ್ ಫೀ ಎಷ್ಟು ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ. ವೆಬ್‌ಸೈಟಿನಲ್ಲಿ ಹುಡುಕಿದರೆ ವರ್ಷಕ್ಕೆ 42 ಸಾವಿರ ಡಾಲರ್. ಸ್ಕಾಲರ್‌ಶಿಪ್ 10 ಸಾವಿರ, ಅದೂ ಮೊದಲ ವರ್ಷಕ್ಕೆ ಮಾತ್ರ ಅಂತ ಎರಡನೇ ಪುಟದ ಕೊನೆಯಲ್ಲಿತ್ತು. ಐದು ವರ್ಷಕ್ಕೆ 2,10,000 ಆಯಿತು. 10 ಸಾವಿರ ಕಳೆದರೂ 2 ಲಕ್ಷ ಡಾಲರ್. ಬಾಡಿಗೆ, ಊಟ ಬೇರೆ. ಅವಳು ಫೋನ್ ಕೆಳಗಿಟ್ಟು ಸುಮ್ನೆ ಕೂತುಬಿಟ್ಟಳು.

ನಿಜವಾದ ಫಂಡಿಂಗ್‌ನಲ್ಲಿ ಮೂರು ಇರಬೇಕು: ಟ್ಯೂಷನ್ ಮಾಫಿ, ಸ್ಟೈಪೆಂಡ್, ಆರೋಗ್ಯ ವಿಮೆ. ಮೂರೂ ಎಷ್ಟು ವರ್ಷಕ್ಕೆ ಅಂತ ಪತ್ರದಲ್ಲೇ ಬರೆದಿರಬೇಕು. ‘ಸಾಮಾನ್ಯವಾಗಿ ಕೊಡುತ್ತೇವೆ’ ಅನ್ನೋದಕ್ಕೂ ‘ಐದು ವರ್ಷ ಖಚಿತ’ ಅನ್ನೋದಕ್ಕೂ ಬಹಳ ದೂರ. ಸ್ಟೈಪೆಂಡ್ 9 ತಿಂಗಳಿಗಾ 12 ತಿಂಗಳಿಗಾ ನೋಡಿ. 9 ಆದರೆ ಬೇಸಿಗೆಯ ಮೂರು ತಿಂಗಳ ಬಾಡಿಗೆಗೆ ಏನು ಮಾಡೋದು? ಟ್ಯೂಷನ್ ಮಾಫಿಯಾದರೂ ‘ಫೀಸ್’ ಅಂತ ಬೇರೆ ವಸೂಲಿ ಇರಬಹುದು, ಅದನ್ನೂ ಕೇಳಿ. ದುಡ್ಡು ಗೈಡ್‌ನ ಗ್ರಾಂಟ್‌ನಿಂದ ಬರೋದಾದರೆ, ಗ್ರಾಂಟ್ ಮುಗಿದ ಮೇಲೆ ಯಾರು ಕೊಡುತ್ತಾರೆ ಅಂತಲೂ ಕೇಳಬೇಕು.

ಫಂಡಿಂಗ್ ಬರೀ ದುಡ್ಡಿನ ಮಾತಲ್ಲ. ಕೈಯಿಂದ ಖರ್ಚು ಮಾಡಿ ಓದಿಸುವ ವಿಭಾಗ ಕಡಿಮೆ ಜನರನ್ನು ತೆಗೆದುಕೊಳ್ಳುತ್ತದೆ, ಎಷ್ಟೋ ಕಡೆ ವರ್ಷಕ್ಕೆ ಹತ್ತರೊಳಗೆ. ಒಬ್ಬ ವಿದ್ಯಾರ್ಥಿ ಬಿಟ್ಟುಹೋದರೆ ಅದು ಅವರ ನಷ್ಟ. ಫೀಸಿನ ಮೇಲೇ ನಡೆಯುವ ಶಾಲೆಗೆ ಜಾಸ್ತಿ ಸೀಟು ತುಂಬುವುದೇ ಲಾಭ. ಹಾಗಂತ ಸೈ.ಡಿ. ಕೀಳು ಡಿಗ್ರಿ ಅಂತ ನಾನು ಹೇಳುತ್ತಿಲ್ಲ. ಸಂಶೋಧನೆಗಿಂತ ಚಿಕಿತ್ಸೆಯ ತರಬೇತಿಗೆ ಒತ್ತು ಕೊಡಲು ಇಲಿನಾಯ್ ಯೂನಿವರ್ಸಿಟಿ 1968ರಲ್ಲಿ ಇದನ್ನು ಶುರುಮಾಡಿತು. ಬೇಲರ್ ಯೂನಿವರ್ಸಿಟಿಯಂಥ ಕಡೆ ಸೈ.ಡಿ. ವಿದ್ಯಾರ್ಥಿಗಳಿಗೂ ಫಂಡಿಂಗ್ ಇದೆ. ಇನ್ನೊಂದು ಕಡೆ, ಪೂರ್ತಿ ಫೀಸ್ ಕಟ್ಟಿಸಿಕೊಳ್ಳುವ ಪಿಎಚ್‌.ಡಿ.ಗಳೂ ಇವೆ. ಡಿಗ್ರಿಯ ಹೆಸರು ನೋಡಿ ತೀರ್ಮಾನ ಮಾಡಬೇಡಿ.

ಹಾಗಾದರೆ ಏನು ನೋಡಬೇಕು? ರ‍್ಯಾಂಕಿಂಗ್ ಅಂತೂ ಬೇಡ. ಯುಎಸ್ ನ್ಯೂಸ್ ಪಟ್ಟಿ ನಿಂತಿರೋದು ಬೇರೆ ಪ್ರಾಧ್ಯಾಪಕರ ಅಭಿಪ್ರಾಯದ ಮೇಲೆ. ಮೊದಲು ನೋಡಬೇಕಾದ್ದು ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್, ಅಂದರೆ ಎಪಿಎ ಮಾನ್ಯತೆ. ಇಲ್ಲಿ ಬಹಳ ಜನ ಎಡವುತ್ತಾರೆ. ಯೂನಿವರ್ಸಿಟಿಗೆ ಮಾನ್ಯತೆ ಇರೋದು ಬೇರೆ, ಈ ಪ್ರೋಗ್ರಾಮ್‌ಗೆ ಇರೋದು ಬೇರೆ. ‘ಅರ್ಜಿ ಹಾಕಲಿದ್ದೇವೆ’ ಅನ್ನೋದು ಮಾನ್ಯತೆ ಅಲ್ಲ.

ಮಾನ್ಯತೆ ಇರುವ ಪ್ರತಿ ಪ್ರೋಗ್ರಾಮ್ ತನ್ನ ಅಂಕಿಅಂಶಗಳನ್ನು ವೆಬ್‌ಸೈಟಿನಲ್ಲಿ ಹಾಕಲೇಬೇಕು. ‘ಸ್ಟೂಡೆಂಟ್ ಅಡ್ಮಿಷನ್ಸ್, ಔಟ್‌ಕಮ್ಸ್ ಆ್ಯಂಡ್ ಅದರ್ ಡೇಟಾ’ ಅಂತ ಹುಡುಕಿ. ನನ್ನ ಪ್ರಕಾರ ಇಡೀ ವೆಬ್‌ಸೈಟಿನಲ್ಲಿ ನಂಬಬೇಕಾದ ಪುಟ ಇದೊಂದೇ. ನಗುವ ವಿದ್ಯಾರ್ಥಿಗಳ ಫೋಟೋ ಇಲ್ಲಿರಲ್ಲ, ಬರೀ ಕೋಷ್ಟಕ. ಫೀಸ್ ಎಷ್ಟು, ಮುಗಿಸಲು ಎಷ್ಟು ವರ್ಷ ಹಿಡಿಯಿತು, ಎಷ್ಟು ಜನಕ್ಕೆ ಇಂಟರ್ನ್‌ಶಿಪ್ ಸಿಕ್ಕಿತು, ಎಷ್ಟು ಜನ ಲೈಸೆನ್ಸ್ ಪಡೆದರು, ಎಷ್ಟು ಜನ ನಡುವೆ ಬಿಟ್ಟರು, ಎಲ್ಲ ಇರುತ್ತದೆ, ಹೆಚ್ಚಿನವು ವರ್ಷವಾರು.

ಅದರಲ್ಲಿ ಎರಡು ಸಾಲಿನ ಮೇಲೆ ಬೆರಳಿಟ್ಟು ಓದಿ. ಒಂದು, ನಡುವೆ ಬಿಟ್ಟವರದು. ಸಣ್ಣ ಬ್ಯಾಚಿನಲ್ಲಿ ಒಂದು ವರ್ಷ ಒಬ್ಬರು ಹೋದರೆ ಗಾಬರಿ ಬೇಡ. ವರ್ಷ ವರ್ಷವೂ ಹೋಗುತ್ತಿದ್ದರೆ ಒಳಗೆ ಏನೋ ಸರಿಯಿಲ್ಲ. ಇನ್ನೊಂದು, ಇಂಟರ್ನ್‌ಶಿಪ್. ಕೊನೆಯ ಒಂದು ವರ್ಷದ ಈ ತರಬೇತಿಗೆ ಇಡೀ ದೇಶದ ವಿದ್ಯಾರ್ಥಿಗಳು ಮ್ಯಾಚ್ ಅನ್ನೋ ಒಂದೇ ವ್ಯವಸ್ಥೆಯಲ್ಲಿ ಪೈಪೋಟಿ ಮಾಡುತ್ತಾರೆ. ‘ಇಂಟರ್ನ್‌ಶಿಪ್ ಸಿಕ್ಕಿದವರು’ ಅನ್ನೋ ಸಾಲಿನಲ್ಲೇ ನಿಲ್ಲಬೇಡಿ. ಎಪಿಎ ಮಾನ್ಯತೆ ಇರುವ ಇಂಟರ್ನ್‌ಶಿಪ್ ಎಷ್ಟು ಜನಕ್ಕೆ ಸಿಕ್ಕಿತು ಅಂತ ಬೇರೆ ಸಾಲು ಇರುತ್ತದೆ. ಮುಂದೆ ಕೆಲಸಕ್ಕೆ ಲೆಕ್ಕಕ್ಕೆ ಬರೋದು ಅದು.

ಶಾಲೆಯ ಹಣಕಾಸೂ ಮುಖ್ಯ. 2019ರ ಮಾರ್ಚ್‌ನಲ್ಲಿ ಆರ್ಗೋಸಿ ಯೂನಿವರ್ಸಿಟಿ ಬಾಗಿಲು ಮುಚ್ಚಿದಾಗ, ಅಲ್ಲಿ ಸೈ.ಡಿ. ಓದುತ್ತಿದ್ದವರು ನಡುದಾರಿಯಲ್ಲಿ ಬೇರೆ ಕಡೆ ಸೀಟು ಹುಡುಕಬೇಕಾಯಿತು.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ. ಇದನ್ನು ಮೊದಲೇ ಹೇಳುವವರು ಕಡಿಮೆ. ಸೈಕಾಲಜಿ ಇಂಟರ್ನ್‌ಗಳನ್ನು ತಯಾರು ಮಾಡುವ ದೊಡ್ಡ ಸಂಸ್ಥೆ ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಗಳ ಜಾಲ. ಅಲ್ಲಿ ಇಂಟರ್ನ್ ಆಗಲು ಅಮೆರಿಕದ ಪೌರತ್ವ ಬೇಕು. ಅಂದರೆ ನಿಮ್ಮ ಮಗಳ ಪಾಲಿಗೆ ಅಷ್ಟು ಜಾಗ ಕಡಿಮೆ. ವೀಸಾದ ಲೆಕ್ಕವೂ ಉಂಟು. ಎಫ್‌-1 ವೀಸಾದ ವಿದ್ಯಾರ್ಥಿ ಇಂಟರ್ನ್‌ಶಿಪ್‌ಗೆ ಸಿಪಿಟಿ (ಓದಿನ ಭಾಗವಾಗಿ ಕೆಲಸ ಮಾಡಲು ಸಿಗುವ) ಪರವಾನಗಿಯನ್ನು ಫುಲ್‌ಟೈಮ್ ಆಗಿ 12 ತಿಂಗಳು ಬಳಸಿದರೆ, ಆ ಡಿಗ್ರಿಯ ಮಟ್ಟದಲ್ಲಿ ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಒಪಿಟಿ ಪರವಾನಗಿ ಕೈತಪ್ಪುತ್ತದೆ. ಡಿಗ್ರಿ ನಂತರದ ತರಬೇತಿಗೆ ಬೇಕಾಗೋದು ಅದೇ ಅಲ್ವಾ? ಹಾಗಾಗಿ, ಹಿಂದೆ ಓದಿದ ವಿದೇಶಿ ವಿದ್ಯಾರ್ಥಿಗಳು ಇದನ್ನು ಹೇಗೆ ನಿಭಾಯಿಸಿದರು ಅಂತ ಎರಡೂ ಕಡೆ ಕೇಳಿ. ಹಾಗೆ ಓದಿದವರೇ ಇಲ್ಲ ಅಂದರೆ ಅದೂ ಒಂದು ಉತ್ತರವೇ. ಮಗಳಿಗೆ ವಾಪಸ್ ಬರುವ ಮನಸ್ಸಿದ್ದರೆ, ಇಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕೆಲಸ ಮಾಡಲು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಬೇಕು. ವಿದೇಶಿ ಡಿಗ್ರಿಗೆ ಏನು ದಾಖಲೆ ಕೇಳುತ್ತಾರೆ ಅಂತ ಹೊರಡುವ ಮುಂಚೆಯೇ ಅವರಿಂದ ಬರಹದಲ್ಲಿ ತೆಗೆದುಕೊಳ್ಳಿ.

ಇನ್ನು ನಿಮ್ಮ ಎರಡು ಸೀಟು. ಸಣ್ಣ ಊರಿನ ಪಿಎಚ್‌.ಡಿ.ಗೆ ಎಪಿಎ ಮಾನ್ಯತೆ ಇದ್ದು, ಕೋಷ್ಟಕ ಚೆನ್ನಾಗಿದ್ದು, ಫಂಡಿಂಗ್ ಬರಹದಲ್ಲಿದ್ದರೆ ನಾನು ಅದನ್ನೇ ಆರಿಸುತ್ತೇನೆ. ಒಂದು ಮಾತು ಮಾತ್ರ: ಪಿಎಚ್‌.ಡಿ.ಯಲ್ಲಿ ಸಾಮಾನ್ಯವಾಗಿ ಒಬ್ಬ ಗೈಡ್ ಕೆಳಗೆ ಸೇರಿಸಿಕೊಳ್ಳುತ್ತಾರೆ. ಆ ಗೈಡ್ ಬಳಿ ಈಗ ಓದುತ್ತಿರುವ ಇಬ್ಬರ ಜೊತೆ ಮಗಳು ಫೋನಿನಲ್ಲಿ ಮಾತಾಡಲಿ. ಗೈಡ್ ಬೇರೆ ಕಡೆ ಹೋದರೆ ಏನಾಗುತ್ತದೆ ಅಂತಲೂ ಕೇಳಲಿ. ಅವಸರ ಮಾಡಿದರೆ ಹೆದರಬೇಡಿ. ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ಒಪ್ಪಂದಕ್ಕೆ ಸಹಿ ಹಾಕಿದ ಯೂನಿವರ್ಸಿಟಿಗಳು, ಫಂಡಿಂಗ್ ಇರುವ ಸೀಟಿಗೆ ಏಪ್ರಿಲ್ 15ಕ್ಕೆ ಮುಂಚೆಯೇ ಉತ್ತರ ಕೊಡಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ.