ಎಂಟು ತಾಸು ಕರೆಂಟು, ದಿನವಿಡೀ ತಂಪು

ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ 1985ರಿಂದ ನಾಡಿಗೆ ಕರೆಂಟು ಕೊಡುತ್ತಿದೆ. ಅದೇ ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಬೇಸಿಗೆಯ ಮಧ್ಯಾಹ್ನ ಫ್ರಿಜ್ ನಿಂತುಹೋದರೆ ಅದು ಸುದ್ದಿಯೇ ಅಲ್ಲ. ಹೀಗಾಗಿ ಕರೆಂಟಿಲ್ಲದೆ, ಇಲ್ಲವೇ ಕಡಿಮೆ ಕರೆಂಟಿನಲ್ಲಿ ತಂಪಿಡುವ ‘ಬಡವರ ಫ್ರಿಜ್’ ಎಂಬ ಮಾತು ಆಗಾಗ ಹೊಸದಾಗಿ ಹುಟ್ಟುತ್ತದೆ. ತರಕಾರಿ, ಹಾಲು, ಲಸಿಕೆ ಮೂರನ್ನೂ ಒಂದೇ ಪೆಟ್ಟಿಗೆಗೆ ತುಂಬಲು ಹೋಗಿ ಚರ್ಚೆ ಗೋಜಲಾಗಿದೆ.

ಹರವಿಗೆ, ಅಂದರೆ ನೀರಿನ ಮಣ್ಣಿನ ಮಡಕೆಗೆ, ಒದ್ದೆ ಗೋಣಿ ಸುತ್ತುವುದನ್ನು ಈ ಸೀಮೆಗೆ ಯಾರೂ ಕಲಿಸಬೇಕಿಲ್ಲ. 1980ರ ದಶಕದಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಇಟ್ಟಿಗೆಯ ಜೋಡಿ ಗೋಡೆಗಳ ನಡುವೆ ಒದ್ದೆ ಮರಳು ತುಂಬಿತು. 1990ರ ದಶಕದಲ್ಲಿ ನೈಜೀರಿಯಾದ ಮೊಹಮ್ಮದ್ ಬಾ ಅಬ್ಬಾ ಮಡಕೆಯೊಳಗೆ ಮಡಕೆಯಿಟ್ಟರು. 2001ರ ಭೂಕಂಪದ ನಂತರ ಗುಜರಾತಿನ ಮನ್ಸುಖಭಾಯಿ ಪ್ರಜಾಪತಿ ‘ಮಿಟ್ಟಿಕೂಲ್’ ಎಂಬ ಮಣ್ಣಿನ ಫ್ರಿಜ್ ರೂಪಿಸಿದರು. ಎಲ್ಲದರ ಗುಟ್ಟು ಒಂದೇ: ನೀರು ಆವಿಯಾಗುವಾಗ ಶಾಖ ಎಳೆದುಕೊಳ್ಳುತ್ತದೆ, ಅಷ್ಟೇ. ಏಪ್ರಿಲ್‌ನ ಒಣಗಾಳಿಯಲ್ಲಿ ಟೊಮೆಟೊ, ಸೊಪ್ಪಿಗೆ ಇದು ಧಾರಾಳವಾಗಿ ಸಾಕು. ಮಳೆಗಾಲದಲ್ಲಿ ಸಪ್ಪೆ. 4 ಡಿಗ್ರಿ ಬೇಡುವ ಹಾಲಿಗಂತೂ ಸಾಲದು. ಕುಡಿಯುವ ನೀರಿಗೇ ಪರದಾಡುವ ಊರಿನಲ್ಲಿ ದಿನಕ್ಕೆರಡು ಬಾರಿ ಮರಳು ತೋಯಿಸುವವರು ಯಾರು ಎಂದು ಹೊಗಳಿಕೆಯ ವರದಿಗಳು ಕೇಳುವುದಿಲ್ಲ.

ಗಟ್ಟಿ ಕೆಲಸ ನಡೆದದ್ದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದ ಮೇಲೆ 2ರಿಂದ 8 ಡಿಗ್ರಿಯೊಳಗೆ ಲಸಿಕೆ ಕಾಯುವುದು ಅನಿವಾರ್ಯವಾಯಿತು. ಐಎಲ್‌ಆರ್ (ಐಸ್ ಲೈನ್ಡ್ ರೆಫ್ರಿಜರೇಟರ್) ಎಂಬ ಲಸಿಕೆ ಪೆಟ್ಟಿಗೆಯ ಒಳಗೋಡೆಯ ಸುತ್ತ ಮಂಜುಗಡ್ಡೆಯ ಪದರವಿರುತ್ತದೆ, ಮುಚ್ಚಳ ಮೇಲ್ಗಡೆ. ತಣ್ಣನೆಯ ಗಾಳಿ ಭಾರ, ಮುಚ್ಚಳ ತೆರೆದರೂ ಸುಲಭವಾಗಿ ಹೊರಬೀಳದು. ದಿನಕ್ಕೆ 8 ತಾಸು ಕರೆಂಟು ಸಿಕ್ಕರೆ ನಡೆಯುತ್ತದೆ. ಬೆಳಿಗ್ಗೆ, ಸಂಜೆ ಉಷ್ಣಾಂಶವನ್ನು ದಾಖಲೆ ಪುಸ್ತಕದಲ್ಲಿ ಬರೆಯಲೇಬೇಕು. ಅತಿ ತಂಪೂ ವೈರಿಯೇ: ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆ ಹೆಪ್ಪುಗಟ್ಟಿದರೆ ಕೆಟ್ಟಂತೆ. ಅದಕ್ಕೇ ಹಳ್ಳಿಗೆ ಹೊರಡುವ ದಿನ ಐಸ್‌ಪ್ಯಾಕನ್ನು ಫ್ರೀಜರ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಡುತ್ತಾರೆ. ಮೈ ಬೆವರಬೇಕು, ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಬೇಕು. ಆಮೇಲೆಯೇ ಲಸಿಕೆಯ ಪಕ್ಕ ಜಾಗ.

ಸೌರ ಫ್ರಿಜ್ ಬಂದಾಗ ಎಡವಿದ್ದು ಬ್ಯಾಟರಿಯಲ್ಲಿ. ಕೆಲವೇ ವರ್ಷಗಳಲ್ಲಿ ಅದು ಸೋಲುತ್ತಿತ್ತು. ಹೊಸದಕ್ಕೆ ಸರ್ಕಾರಿ ಹಣದ ಲೆಕ್ಕಶೀರ್ಷಿಕೆ ಹುಡುಕುವಷ್ಟರಲ್ಲಿ ಫ್ರಿಜ್ ಕಪಾಟಾಗಿರುತ್ತಿತ್ತು. ಬ್ಯಾಟರಿಯನ್ನೇ ಕೈಬಿಟ್ಟು, ಬಿಸಿಲಿರುವಾಗ ಮಂಜುಗಡ್ಡೆ ಕಟ್ಟಿಟ್ಟುಕೊಳ್ಳುವ ಮಾದರಿಗಳು ಬಂದ ಮೇಲೆ ಹಾದಿ ಸಲೀಸಾಯಿತು.

ಮನೆಗಳಿಗೆಂದು 2010ರ ಹೊತ್ತಿಗೆ ಗೋದ್ರೆಜ್ ಕಂಪನಿಯ ಪುಟ್ಟ ಫ್ರಿಜ್ ‘ಛೋಟುಕೂಲ್’ ಬಂತು. ಕಂಪ್ರೆಸರ್ ಇಲ್ಲ, 12 ವೋಲ್ಟ್ ಸಾಕು. ಹಳ್ಳಿಯನ್ನು ನೆನೆದು ಮಾಡಿದ್ದು ಬರಬರುತ್ತಾ ಪಟ್ಟಣದವರ ಕಾರು, ಪ್ರವಾಸದ ಸಾಮಾನಾಯಿತು. ಎಂಟು ತಾಸಿನ ಕರೆಂಟಿನಲ್ಲಿ ದಿನ ದೂಡುವ ಐಎಲ್‌ಆರ್ ತಂತ್ರ ಮಾತ್ರ ಆರೋಗ್ಯ ಕೇಂದ್ರದ ಗೋಡೆ ದಾಟಿ ಹಳ್ಳಿಯ ಮನೆಗಳಿಗೆ ಅಷ್ಟಾಗಿ ಬಂದಿಲ್ಲ. ಎರಡು ಎಮ್ಮೆ ಸಾಕಿ ಹಾಲು ಮಾರುವವರ ಮುಂದೆ ಈಗಲೂ ಮಡಕೆಯನ್ನೇ ಇಡಲಾಗುತ್ತಿದೆ.