ಹುಳ ಅಂದರೆ ಎಲ್ಲವೂ, ಕೀಟ ಅಂದರೆ ಕೆಲವೇ

ಹುಳ ಅನ್ನೋದು ನಮ್ಮಲ್ಲಿ ಬಹಳ ಅಗಲವಾದ ಮಾತು. ಎರೆಹುಳ, ರೇಷ್ಮೆಹುಳ, ಮಿಣುಕುಹುಳ, ಹೊಟ್ಟೆಯೊಳಗಿನ ಜಂತುಹುಳ ಎಲ್ಲವೂ ಅದರಲ್ಲಿ ಸೇರುತ್ತವೆ. ಕೀಟ ಹಾಗಲ್ಲ. ವಿಜ್ಞಾನದಲ್ಲಿ ಕೀಟ ಅಂದರೆ ಸಾಮಾನ್ಯವಾಗಿ ಬೆಳೆದ ಮೇಲೆ 6 ಕಾಲು; ತಲೆ, ಎದೆ, ಹೊಟ್ಟೆ ಅಂತ ಮೂರು ಭಾಗದ ಮೈ; ತಲೆಯ ಮೇಲೆ ಒಂದು ಜೊತೆ ಮೀಸೆ. ಎರೆಹುಳಕ್ಕೆ ಕಾಲೇ ಇಲ್ಲ, ಜೇಡಕ್ಕೆ 8. ಎರಡೂ ಕೀಟಗಳಲ್ಲ.

ಹೆಸರಿಗೆ ಯಾಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು? ಹೊಡೆಯುವ ಔಷಧಿ ಅದರ ಮೇಲೆ ನಿಂತಿದೆ, ಅದಕ್ಕೆ.

ತೆಂಗಿನ ನುಸಿ ನೋಡಿ. 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಕಾಣಿಸಿಕೊಂಡು, ಆಮೇಲೆ ನಮ್ಮ ತೋಟಗಳಿಗೂ ಬಂತು. ಎಳೆಗಾಯಿಯ ತೊಟ್ಟಿನಡಿಯಿಂದ ಮೊದಲು ಬಿಳಿಚಿಕೊಂಡ ತ್ರಿಕೋನದ ಮಚ್ಚೆ ಇಳಿಯುತ್ತದೆ. ಕಾಯಿ ಬೆಳೆದಂತೆ ಅದು ಕಂದಾಗಿ, ಸಿಪ್ಪೆ ಒರಟಾಗಿ ಸೀಳುತ್ತದೆ. ಕಾಯಿ ಸಣ್ಣದಾಗುತ್ತದೆ. ನುಸಿಯ ಉದ್ದ ಸುಮಾರು 0.2 ಮಿಲಿಮೀಟರ್ ಅಷ್ಟೇ. ಬರಿಗಣ್ಣಿಗೆ ಸಿಕ್ಕುವುದು ಕಷ್ಟ. ಇದು ಜೇಡ, ದನದ ಮೈಗೆ ಹತ್ತುವ ಉಣ್ಣಿಗಳ ಬಳಗದ್ದು, ಕೀಟ ಅಲ್ಲ. ಅದರ ನೆಂಟರಲ್ಲಿ ಹೆಚ್ಚಿನವಕ್ಕೆ 8 ಕಾಲಿದ್ದರೆ ಇದಕ್ಕೆ ಉಳಿದಿರುವುದು ಬರೀ 4.

ಹುಳ ಬಿದ್ದಿದೆ ಅಂತ ಸಿಕ್ಕಿದ ಕೀಟನಾಶಕ ಹೊಡೆದರೆ ನುಸಿ ಜಾತಿಗೆ ಅದು ತಾಗದೇ ಹೋಗಬಹುದು. ಅಷ್ಟೇ ಅಲ್ಲ, ನುಸಿಯನ್ನು ತಿನ್ನುವ ಜೀವಿಗಳು ಸಾಯುತ್ತವೆ. ತರಕಾರಿ, ಹಣ್ಣಿನ ಬೆಳೆಗಳಲ್ಲಿ ಕೆಲವು ಕೀಟನಾಶಕ ಹೊಡೆದ ಮೇಲೆ ನುಸಿ ಇನ್ನೂ ಜಾಸ್ತಿಯಾಗುವುದು ಹೀಗೇ. ತೆಂಗಿಗೆ ಬೇವಿನೆಣ್ಣೆ, ಬೆಳ್ಳುಳ್ಳಿ, ಸೋಪಿನ ಮಿಶ್ರಣವನ್ನು ಗೊನೆಗೆ ಸಿಂಪಡಿಸಲು ಹೇಳುತ್ತಾರೆ.

ರೇಷ್ಮೆಹುಳದ ಕಥೆ ತಿರುಗಮುರುಗ. ಹೆಸರು ಹುಳ, ಆದರೆ ಅಪ್ಪಟ ಕೀಟ. ಸೊಪ್ಪು ಮೇಯುವಾಗ ಎಣಿಸಿದರೆ 16 ಕಾಲು ಕಾಣುತ್ತವೆ. ತಲೆಯ ಹತ್ತಿರದ ಮೂರು ಜೊತೆ ಮಾತ್ರ ನಿಜವಾದವು. ಹಿಂದಿನ ಐದು ಜೊತೆ ಸೊಪ್ಪು ಹಿಡಿದು ನಿಲ್ಲಲು ಇರುವ ಮೆತ್ತನೆಯ ಗುಬುಟುಗಳು. ಗೂಡು ಒಡೆದು ಪತಂಗ ಹೊರಬಂದಾಗ ಉಳಿಯುವುದು 6.

ಇದರ ಶತ್ರು ಊಜಿ ನೊಣವೂ ಕೀಟವೇ. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂತು. ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಗೆ ಕೊರೆದು ಹೋದ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಕೆಲವೊಮ್ಮೆ ಹುಳ ಗೂಡು ಕಟ್ಟಿದ ಮೇಲೆ ಊಜಿಯ ಮರಿ ಅದನ್ನು ತೂತು ಮಾಡಿ ಹೊರಬರುತ್ತದೆ. ಅಂಥ ಗೂಡಿನಿಂದ ನೂಲು ಬಿಚ್ಚಲು ಆಗುವುದಿಲ್ಲ.

ಇಲ್ಲಿ ಕೀಟನಾಶಕ ಹೊಡೆಯೋದು ಹೇಗೆ? ನೊಣಕ್ಕಿಂತ ಮೊದಲು ಹುಳವೇ ಸಾಯುತ್ತದೆ, ಅಲ್ವಾ? ಅದಕ್ಕೇ ಹುಳುಮನೆಯ ಕಿಟಕಿ, ಬಾಗಿಲಿಗೆ ಬಲೆ ಕಟ್ಟುತ್ತಾರೆ. ಜೊತೆಗೆ ನೆಸೊಲಿಂಕ್ಸ್ ಅನ್ನುವ ಪುಟ್ಟ ಕಣಜವನ್ನು ಬಿಡುತ್ತಾರೆ. ಅದು ಊಜಿಯ ಕೋಶದೊಳಗೆ (ಮರಿ ನೊಣವಾಗುವ ಮೊದಲಿನ ಹಂತ) ಮೊಟ್ಟೆ ಇಟ್ಟು, ನೊಣ ಹುಟ್ಟುವ ಮೊದಲೇ ಮುಗಿಸುತ್ತದೆ. ಈ ಕಣಜವೂ ಕೀಟವೇ, ಆದರೆ ರೇಷ್ಮೆಹುಳದ ತಂಟೆಗೆ ಹೋಗುವುದಿಲ್ಲ.