ಆಪ್-ಆಂಪ್‌ನಲ್ಲಿ 2ಎ + 3ಬಿ − ಸಿ: ಸೂತ್ರ ಸರಿ, ಔಟ್‌ಪುಟ್ ಏಕೆ ತಪ್ಪು?

ಎ, ಬಿ, ಸಿ ಎಂಬ ಮೂರು ಇನ್‌ಪುಟ್ ವೋಲ್ಟೇಜ್‌ಗಳಿಂದ 2ಎ + 3ಬಿ − ಸಿ ಪಡೆಯಲು ಆಪ್-ಆಂಪ್ (ಪ್ಲಸ್, ಮೈನಸ್ ಪಿನ್‌ಗಳ ವೋಲ್ಟೇಜ್ ವ್ಯತ್ಯಾಸವನ್ನು ವರ್ಧಿಸುವ ಚಿಪ್) ಬಳಸೋಣ. ಸಂಕಲನ ಸರ್ಕ್ಯೂಟ್ ನಿಜವಾಗಿ ಕೂಡಿಸುವುದು ವೋಲ್ಟೇಜನ್ನಲ್ಲ, ಕರೆಂಟನ್ನು. ಪ್ಲಸ್ ಪಿನ್ ಗ್ರೌಂಡಿಗೆ ಸೇರಿದ್ದರೆ, ಫೀಡ್‌ಬ್ಯಾಕ್ ಇರುವ (ಔಟ್‌ಪುಟ್ಟನ್ನು ರೋಧಕದ ಮೂಲಕ ಮೈನಸ್ ಪಿನ್ನಿಗೆ ಮರಳಿಸಿದ) ಆಪ್-ಆಂಪ್ ಮೈನಸ್ ಪಿನ್ನನ್ನೂ 0 ವೋಲ್ಟ್‌ನಲ್ಲೇ ಹಿಡಿದಿಡುತ್ತದೆ. ಹಾಗಾಗಿ ಒಂದು ಇನ್‌ಪುಟ್ಟಿನ ಕರೆಂಟ್ ಪಕ್ಕದ ಇನ್‌ಪುಟ್ಟನ್ನು ಅವಲಂಬಿಸುವುದಿಲ್ಲ. ಎಲ್ಲವೂ ಸೇರಿ ಫೀಡ್‌ಬ್ಯಾಕ್ ರೋಧಕದಲ್ಲಿ ಹರಿಯುತ್ತವೆ. ಚಿಹ್ನೆ ತಿರುಗಿದ ಮೊತ್ತ ಔಟ್‌ಪುಟ್ಟಿಗೆ ಬರುತ್ತದೆ.

ಈ ಚಿಹ್ನೆ ತಿರುಗುವಿಕೆಯೇ ಇಲ್ಲಿ ಅನುಕೂಲ. ಮೊದಲ ಹಂತಕ್ಕೆ ಫೀಡ್‌ಬ್ಯಾಕ್ 30 ಕಿಲೋಓಮ್, ಎ-ಗೆ 15, ಬಿ-ಗೆ 10 ಹಾಕಿ: −(2ಎ + 3ಬಿ) ಸಿಗುತ್ತದೆ. ಎರಡನೇ ಹಂತದಲ್ಲಿ ಮೂರೂ ರೋಧಕಗಳು 10 ಕಿಲೋಓಮ್. ಒಂದು ಇನ್‌ಪುಟ್ಟಿಗೆ ಮೊದಲ ಹಂತದ ಔಟ್‌ಪುಟ್, ಇನ್ನೊಂದಕ್ಕೆ ಸಿ. ಮತ್ತೆ ಚಿಹ್ನೆ ತಿರುಗಿ 2ಎ + 3ಬಿ − ಸಿ ಆಯಿತು.

ಈಗ ಎ = 3, ಬಿ = 2, ಸಿ = 5 ವೋಲ್ಟ್ ಕೊಡಿ. ಉತ್ತರ 7 ಬರಬೇಕು, ಬರುವುದಿಲ್ಲ. ±12 ವೋಲ್ಟ್ ಸಪ್ಲೈನಲ್ಲಿ ಟಿಎಲ್072 ಎಂಬ ಆಪ್-ಆಂಪ್ ಚಿಪ್ಪಿನ ಔಟ್‌ಪುಟ್ −12ರ ತನಕ ಇಳಿಯಲಾರದು, ಮೊದಲ ಹಂತಕ್ಕೆ ಬೇಕಾದದ್ದು ಸರಿಯಾಗಿ ಅಷ್ಟೇ. ಕೊನೆಯ ಉತ್ತರ ಮಿತಿಯೊಳಗಿದೆಯೇ ಎಂದಷ್ಟೇ ನೋಡಿದರೆ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ನಡುವಿನ ಪ್ರತಿ ಬಿಂದುವನ್ನೂ ಗರಿಷ್ಠ ಇನ್‌ಪುಟ್ಟಿಗೆ ಲೆಕ್ಕ ಹಾಕಬೇಕು.

ಪರಿಹಾರ: ಮೊದಲ ಫೀಡ್‌ಬ್ಯಾಕನ್ನು 15 ಕಿಲೋಓಮ್‌ಗೆ ಇಳಿಸಿ, ಆಗ ಅಲ್ಲಿ ಬರುವುದು −6 ವೋಲ್ಟ್. ಕಳೆದುಕೊಂಡ ಎರಡು ಪಟ್ಟನ್ನು ಎರಡನೇ ಹಂತದಲ್ಲಿ ಮರಳಿ ಪಡೆಯಲು, ಅಲ್ಲಿ ಮೊದಲ ಹಂತದ ಔಟ್‌ಪುಟ್ ಬರುವ ಇನ್‌ಪುಟ್ಟಿನ ರೋಧಕ ಮಾತ್ರ 5 ಕಿಲೋಓಮ್ ಆಗಲಿ. ಎರಡು 10 ಕಿಲೋಓಮ್ ಸಮಾಂತರವಾಗಿ ಜೋಡಿಸಿದರೆ ಸಾಕು, ಬೇರೆ ಬೆಲೆ ಹುಡುಕಬೇಕಿಲ್ಲ. ಇದು ಪುಕ್ಕಟೆಯಲ್ಲ: ಎರಡೂ ಆಪ್-ಆಂಪ್‌ಗಳ ಆಫ್‌ಸೆಟ್ (ಇನ್‌ಪುಟ್ ಪಿನ್‌ಗಳ ನಡುವೆ ಚಿಪ್ಪಿನಲ್ಲೇ ಇರುವ ಸಣ್ಣ ವೋಲ್ಟೇಜ್ ದೋಷ) 3 ಮಿಲಿವೋಲ್ಟ್ ಎಂದಿಟ್ಟುಕೊಂಡರೆ, ಔಟ್‌ಪುಟ್ಟಿನ ಕೆಟ್ಟ ಸಂದರ್ಭದ ದೋಷ 27ರಿಂದ 33 ಮಿಲಿವೋಲ್ಟ್‌ಗೆ ಏರುತ್ತದೆ. ಆದರೂ ಅಂಚಿಗೆ ಬಡಿದು ಕತ್ತರಿಸಿಹೋದ ಉತ್ತರಕ್ಕಿಂತ ಇದೇ ವಾಸಿ.

ಪ್ರಯೋಗದಲ್ಲಿ ಇನ್‌ಪುಟ್ ವೋಲ್ಟೇಜ್ ಕೊಡಲು 10 ಕಿಲೋಓಮ್ ಪೊಟೆನ್ಷಿಯೊಮೀಟರ್ ಬಳಸಿದರೆ ಇನ್ನೊಂದು ಗೊಂದಲ. ನಡುವಿನ ಸ್ಥಾನದಲ್ಲಿ ಅದರ ಒಳರೋಧ 2.5 ಕಿಲೋಓಮ್. ಅದು 10 ಕಿಲೋಓಮ್‌ನ ಬಿ ಇನ್‌ಪುಟ್ಟಿಗೆ ಸರಣಿಯಲ್ಲಿ ಸೇರಿ, ಮೊದಲೇ ಅಳೆದಿಟ್ಟ ವೋಲ್ಟೇಜ್ 20% ಕುಸಿಯುತ್ತದೆ. ಜೋಡಿಸಿದ ಮೇಲೆ ಅಳೆಯಿರಿ, ಇಲ್ಲವೇ ನಡುವೆ ಬಫರ್ (ವೋಲ್ಟೇಜನ್ನು ಹಾಗೆಯೇ ದಾಟಿಸಿ, ಮೂಲದಿಂದ ಕರೆಂಟ್ ಎಳೆಯದ ಆಪ್-ಆಂಪ್ ಹಂತ) ಹಾಕಿ.

ಕಳೆಯುವುದಕ್ಕೆ ಒಂದೇ ಆಪ್-ಆಂಪ್, ನಾಲ್ಕು ಸಮ ರೋಧಕಗಳ ವ್ಯತ್ಯಾಸ ವರ್ಧಕ (ಎರಡು ಇನ್‌ಪುಟ್‌ಗಳ ವ್ಯತ್ಯಾಸವನ್ನು ಕೊಡುವ ಸರ್ಕ್ಯೂಟ್) ಸಾಲದೇ? ಸಾಲುತ್ತದೆ, ರೋಧಕಗಳು ಹೊಂದಿಕೊಂಡರೆ. 1% ರೋಧಕಗಳಲ್ಲಿ ಎರಡೂ ಇನ್‌ಪುಟ್ಟಿಗೆ 5 ವೋಲ್ಟ್ ಕೊಟ್ಟರೆ, ಸೊನ್ನೆ ಬರಬೇಕಾದಲ್ಲಿ ಸುಮಾರು 100 ಮಿಲಿವೋಲ್ಟ್ ತನಕ ಬರಬಹುದು, 0.1% ರೋಧಕಗಳಾದರೆ 10. ಇಲ್ಲಿ ಮುಖ್ಯವಾದದ್ದು ರೋಧಕದ ನಿಖರ ಬೆಲೆಯಲ್ಲ, ಎರಡು ಕವಲುಗಳ ಅನುಪಾತದ ಸಮತೆ. ಹಾಗಾಗಿ ಮಲ್ಟಿಮೀಟರಿನಲ್ಲಿ ಅಳೆದು ಜೋಡಿ ಆರಿಸಿದ 1% ರೋಧಕಗಳೂ ಚೆನ್ನಾಗಿಯೇ ಕೆಲಸ ಮಾಡುತ್ತವೆ.